ಪದಚರ್ಚೆ: ‘ಟರ್ನ್ ಆಫ್’ಗೆ ಬೋರ್ಡಿನಲ್ಲಿ ಏನು ಬರೆಯಲಿ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ. ಒಂದು ಹಾಸ್ಟೆಲ್ಲಿನ ನಿಯಮಗಳ ಬೋರ್ಡನ್ನು ಕನ್ನಡಕ್ಕೆ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ. ಬೋರ್ಡ್ ಬರೆಯುವವರು ನಾಳೆ ಹತ್ತು ಗಂಟೆಗೆ ಬರುತ್ತಾರೆ. ಇಂಗ್ಲಿಷಿನಲ್ಲಿ ಇರುವುದು ಎಂಟೇ ಸಾಲು. ಅದರಲ್ಲಿ ಐದು ಸಾಲಿನಲ್ಲಿ ‘ಟರ್ನ್’ ಕೂತಿದೆ. ಲೈಟು ಟರ್ನ್ ಆಫ್ ಮಾಡಬೇಕು. ರಾತ್ರಿ ಹತ್ತರ ಮೇಲೆ ಸೌಂಡು ಟರ್ನ್ ಡೌನ್. ಊರಿಗೆ ಹೋಗುವಾಗ ಬೀಗದ ಕೈ ಟರ್ನ್ ಇನ್. ಊಟದ ಹೊತ್ತಿಗೆ ಸರಿಯಾಗಿ ಟರ್ನ್ ಅಪ್. ಗೇಟು ಹಾಕಿದ ಮೇಲೆ ಬಂದವರನ್ನು ಟರ್ನ್ ಅವೇ.

ಹಳೆಯ ಬೋರ್ಡು ಕಂಪ್ಯೂಟರ್ ಮಾಡಿದ ಅನುವಾದ. ‘ಕೊಠಡಿ ಬಿಡುವ ಮೊದಲು ದೀಪಗಳನ್ನು ತಿರುಗಿಸಿ’ ಎಂದಿದೆ. ಕೆಳಗೆ ಯಾರೋ ಹುಡುಗರು ‘ಎಡಕ್ಕೋ ಬಲಕ್ಕೋ?’ ಎಂದು ಪೆನ್ನಿನಲ್ಲಿ ಗೀಚಿದ್ದಾರೆ.

ನಾನು ‘ದೀಪ ಆರಿಸಿ’ ಎಂದು ಬರೆದುಕೊಟ್ಟೆ. ವಾರ್ಡನ್ ಓದಿ, “ಯಾವ ದೀಪ ಬೇಕು ಅಂತ ಆರಿಸಿಕೊಳ್ಳಬೇಕಾ ಸರ್?” ಅಂದರು. ಅಲ್ಲಿಂದ ತಲೆ ಕೆಟ್ಟಿದೆ.

ಮೈಸೂರಿನಿಂದ:

‘ಆರಿಸಿ’ಯೇ ಸರಿ. ಇದರಲ್ಲಿ ಚರ್ಚೆ ಮಾಡುವುದೇನಿದೆ? ಹಳಗನ್ನಡದ ಆಱು, ಶಕಟರೇಫ ಅಂದರೆ ಈಗ ಬಳಕೆ ತಪ್ಪಿದ ‘ಱ’ ಅಕ್ಷರ. ಬಟ್ಟೆ ಆರುತ್ತದೆ, ಕಾಫಿ ಆರುತ್ತದೆ, ದೀಪ ಆರುತ್ತದೆ. ಮೂರರಲ್ಲೂ ಇದ್ದದ್ದು ಇಳಿದು ಇಲ್ಲವಾಗುವ ಅರ್ಥವೇ. ಆಯ್ದುಕೊಳ್ಳುವ ‘ಆರಿಸು’ ಬೇರೆಯೇ ಮಾತು. ವಾರ್ಡನ್ನಿಗೆ ಗೊತ್ತಾಗಲಿಲ್ಲ ಅಂದರೆ ಅದು ಪದದ ತಪ್ಪಲ್ಲ.

ಧಾರವಾಡದಿಂದ:

ಬೋರ್ಡಿನಲ್ಲಿ ಲೈಟು ಮಾತ್ರವೋ, ಫ್ಯಾನೂ ಇದೆಯೋ? ಅದನ್ನು ಮೊದಲು ಹೇಳಿ. ನಮ್ಮ ಕಡೆ ಲೈಟು ಹಚ್ಚುತ್ತೇವೆ, ಫ್ಯಾನೂ ಹಚ್ಚುತ್ತೇವೆ, ಟಿವಿಯನ್ನೂ ಹಚ್ಚುತ್ತೇವೆ. ಬೆಂಕಿ ಇರಲೇಬೇಕು ಅಂತಿಲ್ಲ. ಆದರೆ ಫ್ಯಾನ್ ‘ಆರಿಸು’ ಅಂದರೆ ನಗುತ್ತಾರೆ. ‘ಬಂದ್ ಮಾಡಿ’ ಎಂದು ಬರೆಯಿರಿ. ಲೈಟಿಗೂ ಆಯಿತು, ಫ್ಯಾನಿಗೂ ಆಯಿತು, ನಳಕ್ಕೂ ಆಯಿತು.

ಮೈಸೂರಿನಿಂದ:

‘ಬಂದ್’ ಪಾರಸಿ. ಬೇಡ.

ಧಾರವಾಡದಿಂದ:

ನೀವು ಬೇಡ ಅಂದ ಮಾತ್ರಕ್ಕೆ ಕರ್ನಾಟಕ ಬಂದ್ ನಿಲ್ಲುತ್ತದೆಯೇ?

ಬೆಂಗಳೂರಿನಿಂದ:

ಫ್ಯಾನೂ ಇದೆ ಸರ್. ಮೊದಲೇ ಹೇಳಬೇಕಿತ್ತು, ತಪ್ಪಾಯಿತು. ದಯವಿಟ್ಟು ಉಳಿದ ನಾಲ್ಕು ಟರ್ನ್‌ಗಳ ಕಡೆಗೂ ನೋಡಿ.

ಶಿವಮೊಗ್ಗದಿಂದ:

ಬೋರ್ಡಿನ ಉತ್ತರ ಕೊನೆಯಲ್ಲಿ ಕೊಡುತ್ತೇನೆ. ಅದಕ್ಕೂ ಮೊದಲು ಒಂದು ವಿಷಯ ಗಮನಿಸಿ. ನಾವು ದಿನಾ ‘ಆಫ್ ಮಾಡು’, ‘ಆನ್ ಮಾಡು’ ಅನ್ನುತ್ತೇವೆ. ‘ಟರ್ನ್ ಆಫ್ ಮಾಡು’ ಎಂದು ಮನೆಯಲ್ಲಿ ಯಾರಾದರೂ ಅನ್ನುವುದನ್ನು ಕೇಳಿದ್ದೀರಾ? ಇಂಗ್ಲಿಷಿನ ಕ್ರಿಯಾಪದವನ್ನು ಅಲ್ಲೇ ಬಿಟ್ಟು, ಅದಕ್ಕೆ ಅಂಟಿಕೊಂಡಿದ್ದ ಕ್ರಿಯಾವಿಶೇಷಣವನ್ನು ಮಾತ್ರ ತಂದೆವು. ಯಾಕೆ? ಮಾಡು, ಆಗು ನಮ್ಮಲ್ಲೇ ಇದ್ದವು. ಕರೆಂಟು ಹೋದರೆ ‘ಆಫ್ ಆಯ್ತು’, ನಾವೇ ನಿಲ್ಲಿಸಿದರೆ ‘ಆಫ್ ಮಾಡಿದೆ’. ಇಂಗ್ಲಿಷಿನ ‘ಟರ್ನ್’ ಮಾಡುವ ಕೆಲಸಕ್ಕಿಂತ ಇದು ಜಾಸ್ತಿ ಚೊಕ್ಕಟ. ಬರೀ ‘ಟರ್ನ್’ ನಮಗೆ ಬೇಕಾಗಿದ್ದು ಗಾಡಿಗೆ. ‘ಮುಂದೆ ಯೂ ಟರ್ನ್ ಹೊಡಿ’, ಅಷ್ಟೇ.

ಎರಡೂ ಅಂಟಿಕೊಂಡೇ ಬಂದಿರುವ ಕಡೆ ನೋಡಿ: ಸೆಟಪ್, ಗೆಟಪ್, ಪಿಕಪ್. ಅವು ಇಲ್ಲಿ ಕ್ರಿಯಾಪದಗಳೇ ಅಲ್ಲ, ಹೆಸರುಗಳು. ‘ಗಾಡಿಗೆ ಪಿಕಪ್ಪೇ ಇಲ್ಲ’ ಅನ್ನುವಾಗ ಪಿಕ್ ಎಲ್ಲಿ, ಅಪ್ ಎಲ್ಲಿ? ‘ವರ್ಕೌಟ್ ಆಗಲ್ಲ ಗುರು’ ಅನ್ನುವುದೂ ಹಾಗೇ. ಅದಕ್ಕೂ ಆಗು ಬಂದು ಕೂರಲೇಬೇಕು.

ಇನ್ನು ಅಪ್, ಡೌನ್, ಔಟ್‌ಗಳಿಗೆ ಕನ್ನಡದಲ್ಲಿ ಒಂದೊಂದು ಪದ ಹುಡುಕುವುದು ಸುಮ್ನೆ ದಂಡ. ಇಂಗ್ಲಿಷ್ ಹೊರಗೆ ಅಂಟಿಸುವ ದಿಕ್ಕನ್ನು ನಾವು ಕ್ರಿಯಾಪದದ ಒಳಗೇ ಇಡುತ್ತೇವೆ. ಏರು, ಇಳಿ, ತಗ್ಗು, ನುಗ್ಗು, ದಾಟು, ಮರಳು. ದಿಕ್ಕಿಲ್ಲದೆ ‘ಪೂರ್ತಿ ಮುಗಿಯಿತು’ ಅನ್ನುವ ಅಪ್ ಇದ್ದರೆ ಪಕ್ಕದಲ್ಲಿ ಇನ್ನೊಂದು ಕ್ರಿಯಾಪದ ಕೂರಿಸುತ್ತೇವೆ. ತಿಂದುಬಿಡು, ಹರಿದುಹಾಕು, ಒಣಗಿಹೋಗು. ಹಾಗಾಗಿ ನಿಮ್ಮ ಬೋರ್ಡಿಗೆ: ಸೌಂಡು ತಗ್ಗಿಸಿ. ಬೀಗದ ಕೈ ಕೊಟ್ಟು ಹೋಗಿ. ಊಟಕ್ಕೆ ಹೊತ್ತಿಗೆ ಸರಿಯಾಗಿ ಬನ್ನಿ. ತಡವಾಗಿ ಬಂದರೆ ಒಳಗೆ ಬಿಡುವುದಿಲ್ಲ. ಐದನೆಯದಕ್ಕೆ ‘ಆಫ್ ಮಾಡಿ’.

ಮೈಸೂರಿನಿಂದ:

ಕೊನೆಯ ಸಾಲು ಬಿಟ್ಟು ಉಳಿದದ್ದು ಒಪ್ಪಿದೆ. ಆದರೆ ದಿಕ್ಕು ಒಳಗೇ ಇರುತ್ತದೆ ಅನ್ನುವುದು ಅರ್ಧ ಸತ್ಯ. ನಾವೂ ಹೊರಗಿನಿಂದ ಅಂಟಿಸುತ್ತಿದ್ದೆವು. ‘ಹೊರಡು’ ಬಿಡಿಸಿ ನೋಡಿ. ಪೊಱಮಡು. ಪೊಱ ಅಂದರೆ ಹೊರಗೆ. ಪೊಱಮಟ್ಟು ಇದ್ದದ್ದು ಸವೆದು ‘ಹೊರಟು’ ಆಯಿತು. ಇವತ್ತು ‘ಹೊರಗೆ ಹೊರಟೆ’ ಅನ್ನುವವರಿಗೆ ಎರಡು ಸಲ ಹೊರಗೆ ಹೋಗುತ್ತಿದ್ದೇವೆ ಎಂಬುದೇ ಗೊತ್ತಿಲ್ಲ. ಮುನ್+ದೂಡು ಮುಂದೂಡು. ಮುನ್+ನುಗ್ಗು ಮುನ್ನುಗ್ಗು. ಹಿನ್+ಮೆಟ್ಟು ಹಿಮ್ಮೆಟ್ಟು. ಹಿನ್+ಸರಿ ಹಿಂಜರಿ. ಇಷ್ಟೊಂದು ಕಟ್ಟುವ ಕಸುವಿರುವ ಭಾಷೆಗೆ ‘ಆಫ್’ ಸಾಲ ಬೇಕೇ?

ಶಿವಮೊಗ್ಗದಿಂದ:

ಹಿಂಜರಿಯಲ್ಲಿ ಇರುವುದು ‘ಜರಿ’. ಗುಡ್ಡ ಜರಿಯಿತು ಅನ್ನುವ ಜರಿ. ‘ಸರಿ’ ಅಲ್ಲ.

ಮೈಸೂರಿನಿಂದ:

ಮುನ್+ಸೆರಗು ಮುಂಜೆರಗು. ಆದೇಶ ಸಂಧಿ ಮರೆತಿರಾ?

ಶಿವಮೊಗ್ಗದಿಂದ:

ಮರೆತಿಲ್ಲ. ಸಂಧಿ ಆಗಬಹುದು ಅಂದರೆ ಆಗಿದೆ ಅಂತಲ್ಲ.

ಶಿರಸಿಯಿಂದ:

ಸೆರಗು ಬಿಟ್ಟು ದೀಪಕ್ಕೆ ಬರೋಣವೇ? ನಮ್ಮ ಮನೆಯಲ್ಲಿ ದೇವರ ದೀಪಕ್ಕೆ ‘ಆರಿಸು’ ಅನ್ನುವಂತಿರಲಿಲ್ಲ. ಅಪಶಕುನ. ಅಜ್ಜಿ ‘ದೀಪ ಶಾಂತ ಮಾಡು’ ಅನ್ನುತ್ತಿದ್ದರು. ಅದೇ ಅಜ್ಜಿ ಜಗುಲಿಯ ಬಲ್ಬಿಗೆ ಕೂತಲ್ಲಿಂದಲೇ ‘ಆಫ್ ಮಾಡೇ’ ಎಂದು ಕೂಗುತ್ತಿದ್ದರು. ಆಫ್ ಎಂಬ ಪದಕ್ಕೆ ಶಕುನವೂ ಇಲ್ಲ, ಅಪಶಕುನವೂ ಇಲ್ಲ. ಅವರಿಗೆ ಅದು ಅನುಕೂಲವೇ ಆಗಿತ್ತು ಅಂತ ಈಗ ಅನ್ನಿಸುತ್ತದೆ.

ಮೈಸೂರಿನಿಂದ:

ಅಜ್ಜಿಯಂದಿರ ಮೇಲೆ ವ್ಯಾಕರಣ ನಿಲ್ಲುವುದಿಲ್ಲ ತಾಯಿ. ಕಿಟ್ಟೆಲ್ ಕೋಶ ತೆಗೆದು ನೋಡಿ.

ಧಾರವಾಡದಿಂದ:

ಕಿಟ್ಟೆಲ್ ಕೋಶ ಅಚ್ಚಾದದ್ದು 1894ರಲ್ಲಿ. ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹೋದದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ಸ್ವಿಚ್ಚನ್ನೇ ನೋಡದ ಊರಿನ ಮಾತನ್ನು ಹಿಡಿದಿಟ್ಟ ಕೋಶದಲ್ಲಿ ಸ್ವಿಚ್ಚಿನ ಮಾತು ಹುಡುಕುವುದು ಹೇಗೆ? ಇಂಗ್ಲಿಷಿನವರೂ ಕರೆಂಟು ಬಂತು ಅಂತ ಹೊಸ ಪದ ಕಟ್ಟಲಿಲ್ಲ. ನಳ ತಿರುಗಿಸಿ ನೀರು ನಿಲ್ಲಿಸುತ್ತಿದ್ದ ಮಾತನ್ನೇ ಗ್ಯಾಸ್ ದೀಪಕ್ಕೆ, ಆಮೇಲೆ ಕರೆಂಟಿಗೆ ಎಳೆದುಕೊಂಡರು. ಈಗ ಸ್ವಿಚ್ಚು ಒತ್ತುತ್ತಾರೆ, ಬಾಯಲ್ಲಿ ಮಾತ್ರ ಇನ್ನೂ ತಿರುಗಿಸುತ್ತಾರೆ. ಆ ‘ಟರ್ನ್’ ಕೂಡ ಅವರ ಸ್ವಂತದ್ದಲ್ಲ, ಲ್ಯಾಟಿನ್ನಿನಿಂದ ಬಂದದ್ದು. ಚರಕಿಗೆ ಹಿಡಿದು ಕಡೆಯುವ ಬಡಗಿಯ ಮಾತು. ಸಾಲ ಮಾಡಿದವರಿಂದ ನಾವು ಸಾಲ ಮಾಡಿದೆವು, ಅದೂ ‘ಟರ್ನ್’ ಬಿಟ್ಟು ‘ಆಫ್’ ಮಾತ್ರ. ಇಷ್ಟಕ್ಕೆ ಕನ್ನಡ ಮುಳುಗಿತೇ?

ಮೈಸೂರಿನಿಂದ:

ಹೀಗೆ ಒಂದೊಂದಾಗಿ ಬಿಟ್ಟೇ ‘ಅಕ್ಕಿ ವಾಷ್ ಮಾಡಿ ಕುಕ್ ಮಾಡು’ ಎನ್ನುವವರೆಗೆ ಬಂದಿದ್ದೇವೆ. ತೊಳೆ, ಬೇಯಿಸು ಎಂಬುವು ಇರಲಿಲ್ಲವೇ? ನಿಮ್ಮ ‘ಮಾಡು’ ಬಾಗಿಲು ತೆರೆದಿಟ್ಟದ್ದರಿಂದಲೇ ಎಲ್ಲ ಒಳಗೆ ನುಗ್ಗಿದ್ದು. ಲೈಟು, ಫ್ಯಾನು ಎರಡಕ್ಕೂ ‘ನಿಲ್ಲಿಸಿ’ ಸಾಕು. ಅಚ್ಚಗನ್ನಡ.

ಶಿರಸಿಯಿಂದ:

ದೀಪ ನಿಲ್ಲಿಸಿ ಅಂದರೆ ದೀಪದ ಕಂಬ ನೆಡಬೇಕಾ?

ಶಿವಮೊಗ್ಗದಿಂದ:

ವಾಷ್, ಕುಕ್ ವಿಷಯದಲ್ಲಿ ಮೈಸೂರಿನವರ ಸಿಟ್ಟು ನ್ಯಾಯವಾದದ್ದೇ. ಅಲ್ಲಿ ನಮ್ಮ ಪದವನ್ನು ತಳ್ಳಿ ಅದರ ಜಾಗದಲ್ಲಿ ಇನ್ನೊಂದು ಕೂತಿದೆ. ‘ಆಫ್’ ಯಾರನ್ನೂ ತಳ್ಳಲಿಲ್ಲ. ಫ್ಯಾನು ನಿಲ್ಲಿಸುವುದಕ್ಕೆ, ಬಲ್ಬು ಆರಿಸುವುದಕ್ಕೆ, ಮೋಟರು ಬಂದ್ ಮಾಡುವುದಕ್ಕೆ ಒಂದೇ ಮಾತು ಬೇಕಿತ್ತು, ಸಿಕ್ಕಿತು. ಎರಡನ್ನೂ ಒಂದೇ ಕೋಲಿನಿಂದ ಹೊಡೆಯಬೇಡಿ.

ಮೈಸೂರಿನಿಂದ:

ಹೊಡೆಯುತ್ತೇನೆ.

ಬೆಂಗಳೂರಿನಿಂದ (ಮರುದಿನ):

ಎಲ್ಲರಿಗೂ ಧನ್ಯವಾದ. ತಗ್ಗಿಸಿ, ಕೊಟ್ಟು ಹೋಗಿ, ಬನ್ನಿ, ಬಿಡುವುದಿಲ್ಲ, ನಾಲ್ಕೂ ಹಾಗೇ ಹೋದವು. ಮೊದಲ ಸಾಲಿಗೆ ಎಲ್ಲರನ್ನೂ ಸಮಾಧಾನ ಮಾಡೋಣ ಅಂತ ‘ಲೈಟು ಆರಿಸಿ, ಫ್ಯಾನು ನಿಲ್ಲಿಸಿ’ ಎಂದು ಬರೆದುಕೊಟ್ಟಿದ್ದೆ. ಬೋರ್ಡ್ ಬರೆಯುವವರು ಟೇಪು ಹಿಡಿದು ನೋಡಿ, “ಇಷ್ಟಗಲ ಜಾಗ ಇಲ್ಲ ಸರ್, ಒಂದೇ ಮಾತು ಹೇಳಿ” ಅಂದರು. ‘ಲೈಟು, ಫ್ಯಾನು ಆಫ್ ಮಾಡಿ’ ಹೋಯಿತು. ‘ಫ್ಯಾ’ದ ಯಒತ್ತು ಕೆಳಗಿನ ಸಾಲಿಗೆ ತಾಗಿದೆ. ಅದರ ಬಗ್ಗೆ ಇನ್ನೂ ಯಾರೂ ಏನೂ ಅಂದಿಲ್ಲ.