34 ಮಕ್ಕಳು, ಒಂದೇ ಫೋನ್: ಪಾಠಕ್ಕೆ ಹೇಗೆ ಬಳಸಲಿ?

ಮಲೆನಾಡ ಟೀಚರ್:
ಸಾಗರದ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನೆಟ್‌ವರ್ಕ್ ಬೇಕೆಂದರೆ ಶಾಲೆ ಹಿಂದಿನ ಗುಡ್ಡ ಹತ್ತಬೇಕು. ಹಾಗಾಗಿ ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡಿ, ದೀಕ್ಷಾ ಆಪ್‌ನಲ್ಲಿ ವಿಡಿಯೊ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತೇನೆ. ಆದರೆ ಒಂಬತ್ತನೇ ತರಗತಿಯಲ್ಲಿ 34 ಮಕ್ಕಳು. ಅಷ್ಟು ಚಿಕ್ಕ ಪರದೆ ಮುಂದಿನ ಐದಾರು ಜನಕ್ಕೆ ಕಾಣುತ್ತದೆ, ಅಷ್ಟೇ. ನಿನ್ನೆ ಹಿಂದಿನ ಸಾಲಿನ ಒಬ್ಬಳು ಬೆಂಚ್ ಮೇಲೆ ಹತ್ತಿ ನಿಂತು ನೋಡಿದಳು. ನನಗೆ ತುಂಬಾ ಬೇಜಾರಾಯಿತು. ವಿಡಿಯೊ ಬಿಟ್ಟು ಬೇರೆ ರೀತಿ ಬಳಸಿದವರು ಇದ್ದೀರಾ?

ಭೌತಶಾಸ್ತ್ರದ ಮೇಷ್ಟ್ರು:
ಮೇಡಂ, ಫೋನನ್ನು ಟಿವಿ ಮಾಡಬೇಡಿ, ಅಳತೆಗೆ ಬಳಸಿ. ಫೈಫಾಕ್ಸ್ ಅಂತ ಉಚಿತ ಆಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ್ದು. ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಅದರಲ್ಲಿ ಸದ್ದಿಗೆ ಓಡುವ, ಸದ್ದಿಗೆ ನಿಲ್ಲುವ ಸ್ಟಾಪ್‌ವಾಚ್ ಇದೆ. ಎರಡು ಫೋನ್ 5 ಮೀಟರ್ ದೂರದಲ್ಲಿಡಿ. ಈ ತುದಿಯಲ್ಲಿ ಒಬ್ಬರು ಚಪ್ಪಾಳೆ ಹೊಡೆಯಲಿ, ಆಮೇಲೆ ಆ ತುದಿಯಲ್ಲಿ ಇನ್ನೊಬ್ಬರು. ಸದ್ದು ಆ ಕಡೆಗೆ 5, ಈ ಕಡೆಗೆ 5, ಒಟ್ಟು 10 ಮೀಟರ್ ಸಾಗುತ್ತದೆ. ಎರಡು ಫೋನಿನ ಸಮಯದ ವ್ಯತ್ಯಾಸದಿಂದ ಆ 10 ಮೀಟರನ್ನು ಭಾಗಿಸಿದರೆ ಶಬ್ದದ ವೇಗ ಸಿಗುತ್ತದೆ.

ಎರಡು ಮಕ್ಕಳ ತಾಯಿ:
ಟೀಚರ್, ಒಂದು ವಿನಂತಿ. ಫೋನ್ ಬೇಕಾಗುವ ಹೋಂವರ್ಕ್ ಮಾತ್ರ ಕೊಡಬೇಡಿ. ನಮ್ಮನೆಯಲ್ಲಿರುವುದು ಅವರಪ್ಪನ ಫೋನ್. ಅವರು ಬರುವುದೇ ರಾತ್ರಿ ಎಂಟಕ್ಕೆ. ಆಗ ಅಣ್ಣ ಹಿಡಿದರೆ ಮಗಳ ಕೈಗೆ ಸಿಗುವುದೇ ಇಲ್ಲ.

ಮಲೆನಾಡ ಟೀಚರ್:
ಖಂಡಿತ ಕೊಡುವುದಿಲ್ಲ ಅಕ್ಕಾ. ನಮ್ಮಲ್ಲೂ ಹೆಚ್ಚಿನ ಹೆಣ್ಣುಮಕ್ಕಳ ಪಾಡು ಅದೇ.

ಸರ್, ಇವತ್ತು ಮಾಡಿದೆವು! ಗಣಿತದ ಸರ್ ಫೋನನ್ನೂ ಇಸ್ಕೊಂಡೆ. ಅಂಗಳದಲ್ಲಿ ಹಗ್ಗ ಹಿಡಿದು 5 ಮೀಟರ್ ಅಳೆದೆವು. ಮೊದಲ ಸಲ ಕಾಗೆ ಕೂಗಿ ಗಡಿಯಾರ ನಿಂತೇಹೋಯಿತು. ಎರಡನೇ ಸಲ ಯಾರೋ ಕೆಮ್ಮಿದರು. ಆಮೇಲೆ ನೋಡಬೇಕಿತ್ತು, 34 ಮಕ್ಕಳೂ ಉಸಿರು ಬಿಗಿಹಿಡಿದು ನಿಂತಿದ್ದರು. ವ್ಯತ್ಯಾಸ 0.029 ಸೆಕೆಂಡ್ ಬಂತು. ಬೋರ್ಡ್ ಮೇಲೆ ಭಾಗಿಸಿದ್ದು ಬೆಂಚ್ ಹತ್ತಿದ್ದ ಅದೇ ಹುಡುಗಿ. ಸೆಕೆಂಡಿಗೆ ಸುಮಾರು 345 ಮೀಟರ್. ನಮ್ಮ ಪುಸ್ತಕದಲ್ಲಿ 22 ಡಿಗ್ರಿಗೆ 344 ಅಂತಿದೆ.

"ಚಳಿಗಾಲದ ಬೆಳಿಗ್ಗೆ ಮಾಡಿದರೆ ಕಮ್ಮಿ ಬರುತ್ತಾ ಟೀಚರ್?" ಅಂತ ಕೇಳಿದಳು. ಹಗ್ಗ ಎತ್ತಿಟ್ಟಿದ್ದೇನೆ, ಡಿಸೆಂಬರ್‌ನಲ್ಲಿ ಮತ್ತೆ ಅಳೆಯುತ್ತೇವೆ.