ಕ್ಯಾಪಿಟಲ್ ಗೇನ್ ಡಿಸ್ಟ್ರಿಬ್ಯೂಷನ್: ‘ಲಾಭಾಂಶ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಹಿರಿಯರಿಗಾಗಿ ಮ್ಯೂಚುವಲ್ ಫಂಡ್ ತೆರಿಗೆಯ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಬನಶಂಕರಿಯಲ್ಲಿ ಈಗ ಮನೆಗೊಬ್ಬರು ಅಮೆರಿಕದಲ್ಲಿ ಇದ್ದಾರೋ ಏನೋ, ಅಲ್ಲಿನ ಫಂಡುಗಳ ಪ್ರಶ್ನೆಯೂ ಬರುತ್ತದೆ. ‘ಕ್ಯಾಪಿಟಲ್ ಗೇನ್ ಡಿಸ್ಟ್ರಿಬ್ಯೂಷನ್’ ಹತ್ತಿರ ಬಂದು ನಿಂತಿದ್ದೇನೆ.

‘ಬಂಡವಾಳ ಗಳಿಕೆ’ವರೆಗೆ ತೊಂದರೆ ಇಲ್ಲ. ಡಿಸ್ಟ್ರಿಬ್ಯೂಷನ್ ಬಂದ ಕೂಡಲೇ ಹಲವರು ‘ಲಾಭಾಂಶ’ ಅಂತ ಬರೆದುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಮೆರಿಕದ ಫಂಡ್ ವರ್ಷದಲ್ಲಿ ತನ್ನ ಬಳಿಯ ಷೇರು ಮಾರಿ ಗಳಿಸಿದ್ದನ್ನು, ನಷ್ಟ ಕಳೆದು, ಹೂಡಿಕೆದಾರರಿಗೆ ಕೊಡುತ್ತದೆ. ಹೆಚ್ಚಾಗಿ ಡಿಸೆಂಬರ್‌ನಲ್ಲಿ. ನೀವು ಒಂದು ಯೂನಿಟ್ಟೂ ಮಾರದಿರಬಹುದು, ಬಂದ ಹಣವನ್ನು ಅದೇ ಫಂಡಿಗೆ ತಿರುಗಿ ಹಾಕಿರಬಹುದು. ಆದರೂ, ನಿವೃತ್ತಿ ಖಾತೆ ಬಿಟ್ಟರೆ, ಆ ವರ್ಷದ ತೆರಿಗೆ ಲೆಕ್ಕಕ್ಕೆ ಅದು ಸೇರುತ್ತದೆ. ಕೊಟ್ಟಷ್ಟೇ ಯೂನಿಟ್ಟಿನ ಬೆಲೆಯೂ ಇಳಿಯುತ್ತದೆ. 50 ಡಾಲರ್ ಇದ್ದದ್ದು 4 ಡಾಲರ್ ಕೊಟ್ಟ ಮೇಲೆ 46. ಹಿಂದಿನ ವಾರವಷ್ಟೇ ಹಣ ಹಾಕಿದವರಿಗೆ ಸಿಗುವುದು ಅವರದೇ ದುಡ್ಡು, ಜೊತೆಗೊಂದು ತೆರಿಗೆ. ಇದನ್ನು ‘ಲಾಭಾಂಶ’ ಅಂದರೆ ಓದುವವರು ಬೋನಸ್ ಅಂದುಕೊಳ್ಳುತ್ತಾರೆ, ಅಲ್ವಾ?

ಇಲ್ಲೂ ಇದೇ ಗೊಂದಲ ಇತ್ತು. 2021ರ ಏಪ್ರಿಲ್‌ನಿಂದ ಷೇರು ಪೇಟೆಯ ನಿಯಂತ್ರಕ ಸೆಬಿ, ಫಂಡುಗಳ ಡಿವಿಡೆಂಡ್ ಆಯ್ಕೆಯ ಹೆಸರನ್ನೇ ‘ಇನ್‌ಕಮ್ ಡಿಸ್ಟ್ರಿಬ್ಯೂಷನ್ ಕಮ್ ಕ್ಯಾಪಿಟಲ್ ವಿತ್‌ಡ್ರಾವಲ್’ ಅಂತ ಬದಲಿಸಿತು. ಕೊಡುವ ಹಣದಲ್ಲಿ ನಿಮ್ಮ ಬಂಡವಾಳವೂ ಇರಬಹುದು ಅನ್ನುವುದು ಹೆಸರಲ್ಲೇ ಇದೆ. ಆದರೆ ಅಷ್ಟುದ್ದದ ಹೆಸರು ಯಾರ ಬಾಯಿಗೆ ಬರುತ್ತದೆ? ಐಡಿಸಿಡಬ್ಲ್ಯೂ ಅಂದು ಮುಗಿಸುತ್ತಾರೆ. ಗಳಿಕೆ ಫಂಡಿನೊಳಗೇ ಉಳಿಯುವ ಗ್ರೋತ್ ಆಯ್ಕೆಯಲ್ಲಿ ಈ ರಗಳೆಯೇ ಇಲ್ಲ, ಯೂನಿಟ್ ಮಾರಿದಾಗ ಮಾತ್ರ ತೆರಿಗೆ.

ನನಗೆ ಹೊಳೆದದ್ದು ‘ಗಳಿಕೆ ಬಟವಾಡೆ’. ಸಂಬಳ ಬಟವಾಡೆ, ಅಂಚೆ ಬಟವಾಡೆ ಅನ್ನುವಾಗ ಸಲ್ಲಬೇಕಾದ್ದನ್ನು ಕೈಗೆ ತಲುಪಿಸಿದರು ಅಂತಷ್ಟೇ ಅರ್ಥ. ಜಾಸ್ತಿ ಏನೋ ಸಿಕ್ಕಿತು ಅನ್ನುವ ಧ್ವನಿ ಇಲ್ಲ. ‘ಲಾಭ ಹಂಚಿಕೆ’ ಪಾಲುದಾರರ ಅಂಗಡಿ ಲೆಕ್ಕದ ಹಾಗೆ ಕೇಳಿಸುತ್ತದೆ. ಆದರೆ ಈಗಿನ ಹುಡುಗರಿಗೆ ಬಟವಾಡೆ ಗೊತ್ತಾಗುತ್ತಾ?

‘ವರ್ಷಾಂತ್ಯ’ವೂ ಎಡವಟ್ಟಿನದೇ. ಅಮೆರಿಕದ ತೆರಿಗೆಗೆ ಅದು ಡಿಸೆಂಬರ್ 31, ನಮಗೆ ಮಾರ್ಚ್ 31. ಚಿಕ್ಕಪೇಟೆಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ದೀಪಾವಳಿಗೆ! ನಾನು ಸುಮ್ನೆ ತಿಂಗಳ ಹೆಸರನ್ನೇ ಬರೆಯುತ್ತಿದ್ದೇನೆ.

ಕೊನೆಯದಾಗಿ ‘ತೆರಿಗೆ ಕೊಯ್ಲು’, ಅಂದರೆ ಟ್ಯಾಕ್ಸ್ ಹಾರ್ವೆಸ್ಟಿಂಗ್. ನಮ್ಮಲ್ಲಿ ಈಕ್ವಿಟಿ (ಷೇರುಗಳಲ್ಲಿ ಹೂಡುವ) ಫಂಡಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದ ಗಳಿಕೆಗೆ ವರ್ಷಕ್ಕೆ 1.25 ಲಕ್ಷ ರೂಪಾಯಿವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ಅದಕ್ಕೇ ಆ ವರ್ಷದ ವಿನಾಯಿತಿ ವ್ಯರ್ಥವಾಗದಿರಲಿ ಅಂತ ಮಾರ್ಚ್‌ನಲ್ಲಿ ಅಷ್ಟು ಗಳಿಕೆ ಬರುವಷ್ಟು ಮಾರಿ ಮತ್ತೆ ಕೊಳ್ಳುವವರಿದ್ದಾರೆ. ಮಳೆಕೊಯ್ಲಿನಲ್ಲಿ ಮಳೆನೀರು ಹಿಡಿಯುತ್ತೇವೆ. ಇಲ್ಲಿ ತೆರಿಗೆ ಹಿಡಿಯುತ್ತೇವಾ? ‘ಗಳಿಕೆ ಕೊಯ್ಲು’ ಅಂದರೆ ವಾಸಿ ಅನ್ನಿಸುತ್ತದೆ.

ಬ್ಯಾಂಕು, ಆಡಿಟರ್ ಆಫೀಸುಗಳಲ್ಲಿ ಇರುವವರು ಏನು ಬಳಸುತ್ತೀರಿ? ಹುಬ್ಬಳ್ಳಿ, ಮಂಗಳೂರು ಕಡೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.