ಅಧ್ಯಕ್ಷರು ಗ್ರೂಪಲ್ಲಿ ಹಾಕಿರೋ "ಕಾಮಗಾರಿ ಪೂರ್ಣ" ಪಟ್ಟಿನ ಹೆಂಗೆ ಓದೋದು?

ಕೊಬ್ರಿಹುಡುಗ:
ಎಲ್ರಿಗೂ ನಮಸ್ಕಾರ. ನಾನಿರೋದು ಬೆಂಗಳೂರಲ್ಲಿ, ಊರು ತುಮಕೂರು ಜಿಲ್ಲೆ, ತಿಂಗ್ಳಿಗೊಂದ್ಸಲ ಹೋಗಿ ಬರ್ತೀನಿ, ಪಂಚಾಯ್ತಿ ಹೆಸ್ರು ಬೇಡ ಬಿಡಿ. ಹೋದ್ ವಾರ ನಮ್ ಗ್ರಾಮ ಪಂಚಾಯ್ತಿ ಅಧ್ಯಕ್ಷರು ಊರಿನ ವಾಟ್ಸಾಪ್ ಗ್ರೂಪಲ್ಲಿ ಇಷ್ಟುದ್ದ ಮೆಸೇಜ್ ಹಾಕಿದಾರೆ, ನಮ್ಮ ಅವಧಿಯ ಕೆಲಸಗಳು ಅಂತ (ಅಧ್ಯಕ್ಷರು ಹೆಂಗಸ್ರು, ಮೆಸೇಜ್ ಬಂದಿದ್ದು ಮಾತ್ರ ಅವ್ರ ಯಜಮಾನ್ರ ನಂಬರಿಂದ, ಅದಿರ್ಲಿ). ಜಲ ಜೀವನ್ ಮಿಷನ್ (ಜೆಜೆಎಂ, ಮನೆಮನೆಗೆ ನಲ್ಲಿ ನೀರು) ಮೂರು ಹಳ್ಳೀಲಿ ಶೇ. 100 ಪೂರ್ಣ, ಮೇಲಿನ ಬೀದಿಗೆ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಸಿಸಿ ರಸ್ತೆ ಮತ್ತೆ ಚರಂಡಿ ಪೂರ್ಣ, ಕೆರೆ ಹೂಳು ನರೇಗಾದಲ್ಲಿ ಪೂರ್ಣ, ಸ್ಮಶಾನಕ್ಕೆ ಕಾಂಪೌಂಡ್ ಮಂಜೂರು, ಅರಿವು ಕೇಂದ್ರಕ್ಕೆ (ಪಂಚಾಯ್ತಿ ಲೈಬ್ರರಿ) ಕಂಪ್ಯೂಟರ್, ಹಿಂಗೇ ಹೋಗತ್ತೆ. ಕೆಳಗೆ ಎಪ್ಪತ್ತೆಂಬತ್ತು ಜನ ಕೈ ಮುಗಿದಿದಾರೆ.

ಈಗ ನಮ್ಮನೆ ಕಥೆ ಕೇಳಿ. ಬಾಗಿಲ ಮುಂದೆ ಜೆಜೆಎಂ ನಲ್ಲಿ ನಿಂತಿದೆ, ಮೀಟ್ರಿಗೆ ಸುತ್ತಿದ್ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿಲ್ಲ, ಒಳಗೆ ಎಲ್ಲಾ ಸೊನ್ನೆ. ಅಮ್ಮ ಅದಕ್ಕೆ ಕರು ಕಟ್ತಾರೆ. ಹೊಸಾ ಸಿಸಿ ರಸ್ತೆನ ಪೈಪ್ ಹಾಕಕ್ಕೆ ಉದ್ದಕ್ಕೂ ಸೀಳಿ ಮಣ್ಣು ಮುಚ್ಚಿ ಹೋಗಿದಾರೆ, ಮಳೆ ಬಂದ್ರೆ ಗಾಡಿ ಆ ಸೀಳಲ್ಲೇ ಕೂತ್ಕೊಳತ್ತೆ. ಇದು ಪೂರ್ಣನಾ? ಗ್ರೂಪಲ್ಲಿ ಕೇಳಿದ್ರೆ ನೀನ್ ಯಾವ್ ಪಾರ್ಟಿ ಅಂತಾರೆ, ಪಂಚಾಯ್ತಿ ಎಲೆಕ್ಷನ್ನಿಗೆ ಪಾರ್ಟಿ ಚಿಹ್ನೇನೇ ಇಲ್ಲ ಆದ್ರೂ. ಜಗಳ ಇಲ್ದೆ ಇದನ್ನ ಚೆಕ್ ಮಾಡೋದು ಹೆಂಗೆ?

ಅಳತೆಪುಸ್ತಕ:
ಗುರು, ನಾನು ಏಳೆಂಟು ವರ್ಷ ಕಂಟ್ರಾಕ್ಟರ್ ಹತ್ರ ಸೈಟ್ ನೋಡ್ಕೊಂಡಿದ್ದೋನು, ಒಂದೊಂದಾಗಿ ಹೇಳ್ತೀನಿ. ಮೊದ್ಲು ಆ ಮೆಸೇಜಲ್ಲಿ ಪ್ರತಿ ಕೆಲ್ಸದ ಮುಂದೆ ದುಡ್ಡು ಯಾವುದು ಅಂತ ನೋಡು, ಯಾಕಂದ್ರೆ ದುಡ್ಡು ಬೇರೆ ಆದ್ರೆ ಜವಾಬ್ದಾರನೂ ಬೇರೆ. ಆಮೇಲೆ "ಮಂಜೂರು" ಅನ್ನೋದು ಬರೀ ಕಾಗದ. ಕ್ರಿಯಾಯೋಜನೆಗೆ ಸೇರ್ಬೇಕು, ಎಸ್ಟಿಮೇಟ್ ಆಗ್ಬೇಕು, ಟೆಂಡರ್, ವರ್ಕ್ ಆರ್ಡರ್, ಕೆಲ್ಸ, ಇಂಜಿನಿಯರ್ ಬಂದು ಎಂಬಿ, ಅಂದ್ರೆ ಕೆಲ್ಸದ ಅಳತೆ ಪುಸ್ತಕ, ಬರೀಬೇಕು, ಆಮೇಲೆ ಬಿಲ್ಲು. ನಿಮ್ ಸ್ಮಶಾನದ ಕಾಂಪೌಂಡು ಇದ್ರಲ್ಲಿ ಮೊದಲ್ನೇ ಮೆಟ್ಲಲ್ಲೂ ಇರ್ಬೋದು, ನಾಳೆ ಬೆಳಿಗ್ಗೆ ಇಟ್ಟಿಗೆ ಬರತ್ತೆ ಅಂತ ಕಾಯ್ಬೇಡ.

ಜೆಜೆಎಂ ವಿಷ್ಯ ಬೇರೇನೇ. ಅದು 2019ರ ಆಗಸ್ಟ್ 15ಕ್ಕೆ ಶುರುವಾದ್ ಸ್ಕೀಮು, ನಮ್ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಅಂತಾನೂ ಕರೀತಾರೆ, ಕೆಲ್ಸ ಮಾಡ್ಸೋದು ಗ್ರಾಮೀಣ ಕುಡಿಯುವ ನೀರು ಇಲಾಖೆ ಇಂಜಿನಿಯರ್‌ಗಳು, ಪಂಚಾಯ್ತಿ ಅಲ್ಲ. ಹಂಗಾಗಿ ಅಧ್ಯಕ್ಷರು ಅದನ್ನ ತಮ್ಮ ಸಾಧನೆ ಅಂತ ಬರ್ಕೊಂಡಿದ್ದೂ ಸರಿ ಇಲ್ಲ, ನೀನು ಪೂರ್ತಿ ಅವ್ರನ್ನೇ ಬೈಯೋದೂ ಸರಿ ಇಲ್ಲ. ಶೇ. 100 ಅಂದ್ರೆ ಅಲ್ಲಿ ನಲ್ಲಿ ಎಣಿಸಿರೋದು ಅಷ್ಟೇ. ಸ್ಕೀಮಿನ ಪ್ರಕಾರ ನಲ್ಲಿ ನಿಲ್ಸಿದ್ರೆ ಸಾಲ್ದು, ತಲೆಗೆ ದಿನಕ್ಕೆ 55 ಲೀಟರ್ ಕುಡಿಯೋ ಅಂಥಾ ನೀರು ತಪ್ಪದೆ ಬರ್ಬೇಕು. ನೀವು ಕೇಳ್ಬೇಕಾಗಿರೋ ಪ್ರಶ್ನೆ ಒಂದೇ: ಹಸ್ತಾಂತರ ಆಗಿದ್ಯಾ? ಕೆಲ್ಸ ಮುಗಿದ್ ಮೇಲೆ ಇಲಾಖೆಯಿಂದ ಪಂಚಾಯ್ತಿ ಅದನ್ನ ವಹಿಸ್ಕೋಬೇಕು, ಅಲ್ಲಿಂದಾಚೆಗೆ ಮೋಟ್ರು ಸುಟ್ರೂ ಕರೆಂಟ್ ಬಿಲ್ ಬಂದ್ರೂ ವಾಲ್ವ್ ಒಡೆದ್ರೂ ಪಂಚಾಯ್ತಿ ತಲೆ ಮೇಲೆ. ನೀರು ಬರ್ದೆ, ರಸ್ತೆ ಮುಚ್ದೆ ಸೈನ್ ಹಾಕಿದ್ರೋ, ಆಮೇಲೆ ಕಂಟ್ರಾಕ್ಟರ್ ಫೋನೇ ಎತ್ತಲ್ಲ, ನಾನೇ ಎಷ್ಟ್ ಸಲ ಎತ್ತಿಲ್ಲ ಹೇಳು. ಇನ್ನೂ ಸೈನ್ ಆಗಿಲ್ಲ ಅಂದ್ರೆ ಅದೇ ನಿಮ್ ಕೈಲಿರೋ ಹಿಡಿತ, ಎಸ್ಟಿಮೇಟ್ ಕಾಪಿ ತರ್ಸಿ ಅದ್ರಲ್ಲಿ ರಸ್ತೆ ರಿಪೇರಿ ಐಟಂ ಇದ್ಯಾ ನೋಡಿ, ಇದ್ರೆ ಅದನ್ನ ಮಾಡೋವರ್ಗೂ ವಹಿಸ್ಕೋಬೇಡಿ ಅಂತ ಬರೆದು ಕೊಡಿ.

15ನೇ ಹಣಕಾಸು ಅಂದ್ರೆ 2021ರಿಂದ 26ರವರ್ಗೆ ಕೇಂದ್ರದಿಂದ ಬಂದಿದ್ ದುಡ್ಡು, ಅದ್ರಲ್ಲಿ ಶೇ. 60 ನೀರು ಮತ್ತೆ ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದು, ಬಾಕಿ 40ರಲ್ಲಿ ರಸ್ತೆ ಗಿಸ್ತೆ ಎಲ್ಲಾ. ಅದಕ್ಕೇ ಎಲ್ಲಾ ಪಂಚಾಯ್ತೀಲೂ ಚರಂಡಿ ಮೇಲೆ ಚರಂಡಿ ಆಗೋದು. ಆ ದುಡ್ಡಿನ ಖರ್ಚು ಇ-ಗ್ರಾಮ್ ಸ್ವರಾಜ್ ಅನ್ನೋ ಸರ್ಕಾರಿ ಪೋರ್ಟಲಲ್ಲಿ ಪಂಚಾಯ್ತಿವಾರು ಸಿಗತ್ತೆ, ಲಾಗಿನ್ ಏನೂ ಬೇಡ. ನರೇಗಾ ಕೆಲ್ಸಕ್ಕೆ ಶುರುವಿಗೆ ಮುಂಚೆ, ನಡೀವಾಗ, ಮುಗಿದ್ ಮೇಲೆ ಮೂರು ಹಂತದ ಫೋಟೋ ಏರ್ಸಿರ್ತಾರೆ, ಎನ್‌ಎಂಆರ್ (ಕೂಲಿಯೋರ ಹಾಜರಿ ಪಟ್ಟಿ) ಕೂಡ ಆನ್‌ಲೈನಲ್ಲೇ ಇರತ್ತೆ. ಕೆರೆ ಹೂಳಿನ ಎನ್‌ಎಂಆರಲ್ಲಿ ನಿಮ್ ಪಕ್ಕದ್ಮನೆ, ದುಬೈಲಿರೋ ಹುಡುಗನ ಹೆಸ್ರು ಇದ್ಯಾ ಅಂತ ಒಂದ್ಸಲ ಕಣ್ಣಾಡ್ಸು, ಅಷ್ಟೇ ಹೇಳೋದು.

ಮಾಜಿಮೆಂಬ್ರು:
ಮೇಲಿನ ಅಣ್ಣ ಹೇಳಿದ್ದು ಬಹುಪಾಲು ಸರಿ, ಆದ್ರೆ ನಾನೂ ಒಂದು ಅವಧಿ ಮೆಂಬರ್ ಆಗಿದ್ದೋನು, ಈ ಕಡೆ ಮಾತೂ ಕೇಳಿ. ಅಧ್ಯಕ್ಷರು ಅಂದ್ರೆ ಏನೋ ಖಜಾನೆ ಬೀಗ ಅವ್ರ ಸೊಂಟದಲ್ಲಿದೆ ಅನ್ಕೊಂಡಿದೀರಿ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮತ್ತೆ ಅಧ್ಯಕ್ಷರು ಇಬ್ರೂ ಸೈನ್ ಹಾಕಿದ್ರೇನೇ ಒಂದು ರೂಪಾಯಿ ಹೊರಗೆ ಹೋಗೋದು, ಪಿಡಿಒ ರಜಾ ಹೋದ್ರೆ ಅಥವಾ ಎರಡು ಪಂಚಾಯ್ತಿ ಚಾರ್ಜಲ್ಲಿದ್ರೆ ವಾಟರ್‌ಮ್ಯಾನ್ ಸಂಬಳಾನೂ ನಿಲ್ಲತ್ತೆ. ಯಜಮಾನ್ರು ಮೆಸೇಜ್ ಹಾಕೋದು ಎಲ್ಲಾ ಕಡೆ ಇರೋದೇ, ಆದ್ರೆ ಸೈನು ಆಯಮ್ಮಂದು, ನಾಳೆ ಆಡಿಟ್‌ನಲ್ಲಿ ಆಕ್ಷೇಪಣೆ ಬಂದ್ರೆ ನೋಟಿಸ್ ಹೋಗೋದೂ ಆಯಮ್ಮನ್ ಹೆಸ್ರಿಗೇ. ಪ್ರಶ್ನೆನ ಅವ್ರಿಗೇ ಕೇಳಿ, ಯಜಮಾನ್ರಿಗಲ್ಲ.

ಇನ್ನೊಂದು, ಬೇಜಾರ್ ಮಾಡ್ಕೋಬೇಡಿ, ನಿಮ್ಮನೆ ಕಂದಾಯ ಕಟ್ಟಿದೀರಾ? ಬೀದಿದೀಪದ ಬಲ್ಬಿಂದ ಹಿಡಿದು ಪೈಪಿನ ಜಾಯಿಂಟ್ ತನಕ ತುರ್ತು ಕೆಲ್ಸ ಆಗೋದೆಲ್ಲಾ ಕಂದಾಯ ನೀರಿನ ಕರದ ದುಡ್ಡಲ್ಲಿ, ಅನುದಾನ ಬರೋವರ್ಗೂ ಕೂರಕ್ಕಾಗಲ್ಲ. ಬಿಲ್ ಕಲೆಕ್ಟರ್ ಹೋದ್ರೆ ಮಗ ಬೆಂಗ್ಳೂರಲ್ಲವ್ನೆ, ಅವ್ನ್ ಬಂದ್ಮೇಲೆ ಅಂತಾರೆ.

ಕೇಳೋ ಜಾಗ ವಾಟ್ಸಾಪ್ ಅಲ್ಲ, ವಾರ್ಡ್ ಸಭೆ, ಗ್ರಾಮ ಸಭೆ. ಆರು ತಿಂಗ್ಳಿಗೊಂದ್ಸಲನಾದ್ರೂ ಗ್ರಾಮ ಸಭೆ ನಡೀಲೇಬೇಕು, ಮತದಾರರಲ್ಲಿ ಹತ್ತರಲ್ಲೊಂದು ಪಾಲು ಇಲ್ಲಾ ನೂರು ಜನ, ಯಾವ್ದು ಕಮ್ಮಿನೋ ಅಷ್ಟು ಕೋರಂ. ಆ ನೂರ್ ಜನ ಬರಲ್ಲ ಸ್ವಾಮಿ. ಮೂವತ್ತು ಜನ ಬರ್ತಾರೆ, ಅದ್ರಲ್ಲಿ ಇಪ್ಪತ್ತು ಮನೆ ಪಟ್ಟಿ ಹೆಸ್ರು ಕೇಳಕ್ ಬಂದೋರು. ಆಮೇಲೆ ನಡಾವಳಿ ಪುಸ್ತಕ ಮನೆಮನೆಗೆ ಹೋಗತ್ತೆ ಸೈನಿಗೆ. ನಾವೂ ಕಳ್ಸಿದೀವಿ, ಸುಳ್ಯಾಕೆ ಹೇಳ್ಲಿ. ಆ ಪುಸ್ತಕ ನಿಮ್ಮನೇಗೂ ಬಂದು ನಿಮ್ ತಾಯಿ ಸೈನ್ ಹಾಕಿರ್ಬೋದು, ಕೇಳಿ ನೋಡಿ.

ಬಸ್‌ಸ್ಟಾಂಡ್ ಕಟ್ಟೆ:
ನಮ್ಮೂರಲ್ಲಿ ಇದಕ್ಕಿಂತ ಮೇಲು, ಕಾಮಗಾರಿ ಬೋರ್ಡ್ ಮಾತ್ರ ಕಾಂಕ್ರೀಟಲ್ಲಿ ಗಟ್ಟಿಯಾಗಿ ಹಾಕವ್ರೆ, "ಅಂದಾಜು ಮೊತ್ತ ರೂ." ಅಂತ ಬರ್ದು ಮುಂದೆ ಖಾಲಿ ಬಿಟ್ಟವ್ರೆ. ಯಾರೋ ಪುಣ್ಯಾತ್ಮ ಇದ್ದಿಲಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ, ಅದನ್ನ ಮಾತ್ರ ಒಂದೇ ದಿನದಲ್ಲಿ ಸುಣ್ಣ ಬಳಿದ್ರು.

ಕೊಬ್ರಿಹುಡುಗ:
ಎಲ್ರಿಗೂ ಥ್ಯಾಂಕ್ಸ್. ಮಾಜಿಮೆಂಬ್ರು ಸರ್, ಕಂದಾಯ ಮೂರು ವರ್ಷದ್ದು ಬಾಕಿ ಇದೆ ನಮ್ದು, ಅಮ್ಮನ್ನ ಕೇಳ್ದೆ, ತಪ್ಪು ನಮ್ದೇ, ಈ ಸಲ ಹೋದಾಗ ಕಟ್ಟಿ ರಸೀದಿ ಇಸ್ಕೊಂಡೇ ಮುಂದಿನ್ ಮಾತು. ಮತ್ತೆ ಹೌದು, ಪುಸ್ತಕ ಬಂದಿತ್ತಂತೆ, "ಪೆನ್ಷನ್ನಿಗೇನೋ ಅನ್ಕೊಂಡೆ ಕಣಪ್ಪಾ" ಅಂದ್ರು. ನೀರುಗಂಟಿ ಹತ್ರಾನೂ ಮಾತಾಡ್ದೆ, ಒಂದೇ ಒಂದ್ಸಲ ಟ್ರಯಲ್ ಬಿಟ್ರಂತೆ, ಕೆಳಗಿನ ಬೀದೀಲಿ ಎರಡು ಕಡೆ ಪೈಪ್ ಬಿಟ್ಕೊಂಡು ನಿಲ್ಸಿದ್ದು ಮತ್ತೆ ಯಾರೂ ಬಂದಿಲ್ಲ. ಹಸ್ತಾಂತರ ಆಗಿದ್ಯೋ ಇಲ್ವೋ ಅವ್ನಿಗೂ ಗೊತ್ತಿಲ್ಲ. ಪಂಚಾಯ್ತೀಲಿ ಬಾಯಲ್ಲಿ ಕೇಳಿದ್ರೆ ಹೇಳ್ತಾರಾ?

ಅಳತೆಪುಸ್ತಕ:
ಬಾಯಲ್ಲಿ ಮೊದ್ಲು ಕೇಳು, ಮರ್ಯಾದೆಯಿಂದ, ಪಿಡಿಒ ಒಳ್ಳೇರಿದ್ರೆ ಅಲ್ಲೇ ಫೈಲ್ ತೋರಿಸ್ತಾರೆ. ಇಲ್ಲಾಂದ್ರೆ ಮಾಹಿತಿ ಹಕ್ಕು, 10 ರೂಪಾಯಿ ಪೋಸ್ಟಲ್ ಆರ್ಡರ್, ಮಾಹಿತಿ ಅಧಿಕಾರಿ ಪಿಡಿಒನೇ, 30 ದಿನ ಟೈಮು. ನಮ್ ರಾಜ್ಯದ ರೂಲ್ಸಲ್ಲಿ ಒಂದ್ ಅರ್ಜೀಲಿ ಒಂದೇ ವಿಷ್ಯ, 150 ಪದ ದಾಟಬಾರ್ದು, ಎಲ್ಲಾ ಕೋಪನೂ ಒಂದೇ ಅರ್ಜೀಲಿ ಸುರಿದ್ರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಹಸ್ತಾಂತರಕ್ಕೆ ಒಂದು, ಸಿಸಿ ರಸ್ತೆ ಎಂಬಿಗೆ ಒಂದು ಬೇರೆ ಬೇರೆ ಹಾಕು. ಇನ್ನೊಂದು ದಾರಿ ಜಮಾಬಂದಿ, ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಮೇಲಿಂದ ಅಧಿಕಾರಿ ಬಂದು ಜನರ ಮುಂದೆ ಲೆಕ್ಕ ನೋಡ್ಬೇಕು, ಕೆಲ್ಸದ್ ಜಾಗಕ್ಕೂ ಹೋಗ್ಬೇಕು. ಅವತ್ತು ಒಂದಿನ ರಜಾ ಹಾಕು.

ಆಮೇಲೆ ಎಂಬಿ ಕಾಪಿ ಕೈಗೆ ಬಂದ್ರೆ ಟೇಪ್ ಹಿಡ್ಕೊಂಡು ಹೋಗು. ಉದ್ದ ಅಗಲ ಯಾರ್ ಬೇಕಾದ್ರೂ ಅಳೀಬೋದು, ಕಳ್ತನ ಇರೋದು ದಪ್ಪದಲ್ಲಿ. ರಸ್ತೆ ಅಂಚು ನೋಡಿ ಮೋಸ ಹೋಗ್ಬೇಡ, ಅಂಚಲ್ಲಿ ಶೀಟ್ ಕಟ್ಟಿ ದಪ್ಪ ತೋರಿಸಿ ನಡುವೆ ತೆಳ್ಳಗೆ ಎಳ್ದಿರ್ತೀವಿ... ಎಳ್ದಿರ್ತಾರೆ. ಮಾಮೂಲಿ ನಡು ದಪ್ಪ ನೋಡ್ಬೇಕು ಅಂದ್ರೆ ಕೋರ್ ಕಟಿಂಗ್, ಅಂದ್ರೆ ಮಿಷನ್ನಲ್ಲಿ ಕೊರೆದು ಕಾಂಕ್ರೀಟ್ ತುಂಡು ತೆಗೆಯೋದು, ಮಾಡಿಸ್ಬೇಕು, ಆದ್ರೆ ನಿಮ್ ರಸ್ತೆನ ಜೆಜೆಎಂನೋರು ಉದ್ದಕ್ಕೂ ಸೀಳಿ ಇಟ್ಟಿದಾರಲ್ಲ, ಸ್ವಲ್ಪ ಮಣ್ಣು ಕೆದಕಿ ಟೇಪ್ ಇಳಿಬಿಡು, ಫೋಟೋ ತೆಗಿ. ಅವ್ರು ಬಂದು ಮುಚ್ಚೋಕೆ ಮುಂಚೆ ಹೋಗು ಮಾರಾಯ.